ಗಿಡಗಳಿಗೆಲ್ಲ ಹೆಸರಿಟ್ಟಾಗಿದೆ, ಇನ್ನು ಅದರಲ್ಲಿ ಸಂಶೋಧನೆ ಏನಿದೆ?

ನೀವು ಕೇಳಿದ್ದು ಇಷ್ಟು: ಮಗಳು ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಳೆ, ಗಿಡಗಳ ವರ್ಗೀಕರಣದಲ್ಲೇ ಪಿಎಚ್.ಡಿ. ಮಾಡುತ್ತೇನೆ ಅನ್ನುತ್ತಾಳೆ. ಮಂಡ್ಯದ ಕಡೆ ರೈತಾಪಿ ಮನೆ ನಮ್ಮದು. ಹೆಸರಿಡೋ ಕೆಲಸ ಮುಗಿದಿಲ್ಲವಾ, ಇದರಲ್ಲಿ ಬದುಕು ಕಟ್ಟಿಕೊಳ್ಳಬಹುದಾ?

ಮುಗಿದಿಲ್ಲ. ನಾನು ಮೈಸೂರಿನಲ್ಲಿ ಇದೇ ಕೆಲಸ ಮಾಡುವವನು, ಜೇಕಿನ ಕುಟುಂಬದ ಮೇಲೆ. ನಿಮ್ಮ ಗದ್ದೆಯಲ್ಲಿ ಕಳೆ ಅಂತ ಕೀಳುತ್ತೀರಲ್ಲ, ಅದೇ ಜೇಕು. ನೋಡೋಕೆ ಹುಲ್ಲಿನ ಹಾಗೇ ಇರುತ್ತದೆ. ಆದರೆ ದಂಟು ಕತ್ತರಿಸಿ ನೋಡಿ, ಸಾಮಾನ್ಯವಾಗಿ ಮೂರು ಮೂಲೆ ಕಾಣುತ್ತದೆ. ಎಲೆಗಳೂ ಮೂರು ಸಾಲಾಗಿ ಬರುತ್ತವೆ. ಹುಲ್ಲಿನಲ್ಲಿ ದಂಟು ದುಂಡಗೆ, ಗಿಣ್ಣು ಎದ್ದು ಕಾಣುತ್ತದೆ, ಎಲೆ ಎರಡೇ ಸಾಲು. ಇದು ಪುಸ್ತಕದ ಚಂದಕ್ಕೆ ಹೇಳುವ ಮಾತಲ್ಲ. ಹುಲ್ಲಿಗೆ ಹೊಡೆಯುವ ಹಲವು ಕಳೆನಾಶಕಗಳು ಜೇಕಿಗೆ ನಾಟುವುದೇ ಇಲ್ಲ. ಯಾವ ಗಿಡ ಅಂತ ಗೊತ್ತಿಲ್ಲದೆ ಔಷಧಿ ಹೊಡೆದರೆ ದುಡ್ಡು ದಂಡ, ಅಲ್ವಾ?

ಪ್ರಪಂಚದಲ್ಲಿ ಜೇಕಿನ ಕುಟುಂಬದ ಜಾತಿಗಳು ಸುಮಾರು 5,500. ಒಂದರಿಂದ ಇನ್ನೊಂದನ್ನು ಬೇರೆ ಮಾಡಲು ಎಷ್ಟೋ ಸಲ ರಾಗಿ ಕಾಳಿಗಿಂತ ಚಿಕ್ಕ ಕಾಯಿಯನ್ನು ಸೂಕ್ಷ್ಮದರ್ಶಕದಡಿ ನೋಡಬೇಕು. ಕಾಯಿ ಬಲಿಯುವ ಮುಂಚೆ ಕಿತ್ತು ತಂದರೆ ಆ ಗಿಡಕ್ಕೆ ಹೆಸರು ಹೇಳುವುದೇ ಕಷ್ಟ.

ಈಗ ಹೆಸರಿನ ಮಾತಿಗೆ ಬರೋಣ. ಮೈಸೂರು ಜಿಲ್ಲೆಯ ಗಿಡಗಳ ಪಟ್ಟಿ ಪುಸ್ತಕವಾಗಿ ಬಂದಿದ್ದು 1981ರಲ್ಲಿ. ಆರ್.ಆರ್. ರಾವ್ ಮತ್ತು ಬಿ.ಎ. ರಾಜಿ ಮಾಡಿದ ದೊಡ್ಡ ಕೆಲಸ ಅದು. ಆಗ ಚಾಮರಾಜನಗರವೂ ಮೈಸೂರು ಜಿಲ್ಲೆಯೊಳಗೇ ಇತ್ತು. ಮಂಡ್ಯ ಮಾತ್ರ 1939ರಲ್ಲೇ ಬೇರೆಯಾಗಿತ್ತು. ಆ ಪಟ್ಟಿ ಬಂದು ನಲವತ್ತು ವರ್ಷ ದಾಟಿತು. ಅಷ್ಟರಲ್ಲಿ ಎಷ್ಟು ಕೆರೆ ಅಂಗಳ ಬಡಾವಣೆಯಾಯಿತು, ಎಷ್ಟು ಗೋಮಾಳಕ್ಕೆ ನೀಲಗಿರಿ ಬಂತು, ಲಂಟಾನ ಎಲ್ಲೆಲ್ಲಿ ಹಬ್ಬಿತು! ಅಂದು ಕಂಡ ಗಿಡ ಅದೇ ಜಾಗದಲ್ಲಿ ಇಂದೂ ಇದೆಯಾ ಅಂತ ಯಾರಾದರೂ ಹೋಗಿ ನೋಡಬೇಕು. ಸಂಶೋಧನೆಗೆ ಬರುವ ಹುಡುಗರೆಲ್ಲ ಪಶ್ಚಿಮ ಘಟ್ಟಕ್ಕೇ ಓಡುತ್ತಾರೆ. ಘಟ್ಟ ದೊಡ್ಡದು, ಒಪ್ಪುತ್ತೇನೆ. ಆದರೆ ಚಾಮುಂಡಿ ಬೆಟ್ಟದ ಕುರುಚಲು, ಮೇಲುಕೋಟೆಯ ಬಂಡೆಗಳ ನಡುವಿನ ಹುಲ್ಲು, ನಾಲೆ ಏರಿಯ ಜೊಂಡು, ಇವನ್ನು ಕಣ್ಣೆತ್ತಿ ನೋಡುವವರು ತೀರಾ ಕಡಿಮೆ. ನನಗೆ ಇದು ನಿಜವಾಗಲೂ ಸಂಕಟದ ವಿಷಯ.

ಇಟ್ಟ ಹೆಸರೂ ನಿಂತಲ್ಲೇ ನಿಲ್ಲುವುದಿಲ್ಲ. ನಿಮ್ಮ ಹೊಲದ ಬದುವಿನ ಕರಿಜಾಲಿಯನ್ನೇ ತಗೊಳ್ಳಿ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಅದನ್ನು ಮಿಮೋಸಾ ಎಂದ. ಆಮೇಲೆ ಅಕೇಶಿಯ ಆಯಿತು. ಹಳೇ ಅಕೇಶಿಯ ಒಂದೇ ವಂಶವಲ್ಲ ಅಂತ ಡಿಎನ್‌ಎ ತೋರಿಸಿದ ಮೇಲೆ ಅದನ್ನು ಒಡೆಯಬೇಕಾಯಿತು. 2005ರಲ್ಲಿ ವಿಯೆನ್ನಾದಲ್ಲಿ ನಡೆದ ಸಸ್ಯವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅಕೇಶಿಯ ಎಂಬ ಹೆಸರು ಆಸ್ಟ್ರೇಲಿಯಾದ ಗುಂಪಿಗೆ ಹೋಯಿತು, 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದೇ ಗಟ್ಟಿಯಾಯಿತು. ನಮ್ಮ ಕರಿಜಾಲಿ ಈಗ ವಾಚೆಲಿಯ ನೈಲೋಟಿಕ. ಈ ತೀರ್ಮಾನ ನನಗೆ ಇಷ್ಟವಾಗಲಿಲ್ಲ, ಆದರೂ ಲೇಬಲ್ಲಿನಲ್ಲಿ ಹೊಸ ಹೆಸರೇ ಬರೆಯುತ್ತೇನೆ. ಹೆಸರು ಎಷ್ಟು ಸಲ ಬದಲಾದರೂ ಒಣಗಿಸಿ ಹಾಳೆಗೆ ಅಂಟಿಸಿಟ್ಟ ಗಿಡ ಹರ್ಬೇರಿಯಂನಲ್ಲಿ, ಅಂದರೆ ಒಣಗಿಡಗಳ ಸಂಗ್ರಹದಲ್ಲಿ, ಇದ್ದರೆ, ಮುಂದಿನವರು ಅದನ್ನೇ ತೆಗೆದು ಮತ್ತೆ ನೋಡಬಹುದು. ಬರೀ ಫೋಟೋ ಸಾಲದು. ಫೋಟೋದಲ್ಲಿ ಕಾಯಿ ಸೀಳಿ ನೋಡೋಕಾಗಲ್ಲ.

ದುಡ್ಡಿನ ಮಾತು. ಎಂ.ಎಸ್ಸಿ. ಆದ ಮೇಲೆ ರಾಷ್ಟ್ರಮಟ್ಟದ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದು 2023ರಿಂದ ಇರುವ ದರ. ಅಲ್ಲಿಯವರೆಗೆ ಚಿಂತೆಯಿಲ್ಲ. ಆಮೇಲಿನ ಕಾಯಂ ಕೆಲಸ ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಕಾಲೇಜು, ವಿಶ್ವವಿದ್ಯಾಲಯ, ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆ, ಇಷ್ಟೇ ಮುಖ್ಯ ದಾರಿಗಳು. ಹಾಗಾಗಿ ಕಾಲೇಜಿನಲ್ಲಿ ಪಾಠ ಮಾಡಲು ಅರ್ಹತೆ ಕೊಡುವ ರಾಜ್ಯದ ಪರೀಕ್ಷೆ ಕೆ-ಸೆಟ್ ಕೂಡ ಬರೆದಿರಲಿ. ಡಿಎನ್‌ಎ ಕೆಲಸವನ್ನೂ ಕಲಿತುಕೊಂಡರೆ ಬಾಗಿಲು ಜಾಸ್ತಿ ತೆರೆಯುತ್ತವೆ.

ಗೈಡ್ ಹುಡುಕುವಾಗ ಹೆಸರು ನೋಡಬೇಡಿ. ಆ ವಿಭಾಗದಲ್ಲಿ ಹರ್ಬೇರಿಯಂ ಇದೆಯಾ, ಅದರ ಬೀರು ವಾರಕ್ಕೊಮ್ಮೆಯಾದರೂ ತೆರೆಯುತ್ತಾರಾ, ಗೈಡ್ ತಾವೇ ಫೀಲ್ಡಿಗೆ ಬರುತ್ತಾರಾ ಅಂತ ಕೇಳಿ. ಕಾಡಿನಲ್ಲಿ ಗಿಡ ಕೀಳಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ನಿಮ್ಮ ಗದ್ದೆಗೆ ಅದೇನೂ ಬೇಡ. ಭತ್ತ ನಾಟಿಯಾದ ಮೇಲೆ ಅಲ್ಲಿಂದಲೇ ಶುರು ಮಾಡಲಿ: ಕಾಯಿ ಬಲಿತ ಜೇಕನ್ನು ಬೇರು ಸಮೇತ ಕಿತ್ತು, ಊರು, ದಿನಾಂಕ, ನೀರಿತ್ತಾ ಒಣ ನೆಲವಾ ಅಂತ ಅಲ್ಲೇ ಬರೆದುಕೊಂಡು, ಪೇಪರ್ ನಡುವೆ ಒತ್ತಿಡಲಿ. ಮಳೆಗಾಲ, ಪೇಪರ್ ದಿನಾ ಬದಲಾಯಿಸಬೇಕು. ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.