ಬರೆಯುವಾಗ ಹಾಡು ಬೇಡ, ಮಗ್ಗಿಗೆ ತಾಳ ಇರಲಿ

ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರ ಪತ್ರ: "ನಾಲ್ಕನೇ ತರಗತಿ ಮಕ್ಕಳು ಬರೆಯುವಾಗ ಬ್ಲೂಟೂತ್ ಸ್ಪೀಕರ್‌ನಲ್ಲಿ ಮೆಲ್ಲಗೆ ಚಿತ್ರಗೀತೆ ಹಾಕುತ್ತೇನೆ. ಮೊದಲ ವಾರ ಗಲಾಟೆ ನಿಂತಿತ್ತು, ಈಗ ಮೊದಲಿಗಿಂತ ಜಾಸ್ತಿ. ಪಾಶ್ಚಾತ್ಯ ಸಂಗೀತಗಾರ ಮೊಸಾರ್ಟ್‌ನ ಸಂಗೀತ ಕೇಳಿಸಿದರೆ ಬುದ್ಧಿ ಚುರುಕಾಗುತ್ತದಂತೆ, ಅದನ್ನೇ ಹಾಕಲೇ?"

ಮೇಡಂ, ಮೊಸಾರ್ಟ್ ಆಸೆ ಬಿಡಿ. ಆ ಮಾತು ಹುಟ್ಟಿದ್ದು 1993ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದಿಂದ; ಅದಕ್ಕೆ ಕೂತಿದ್ದವರು 36 ಕಾಲೇಜು ವಿದ್ಯಾರ್ಥಿಗಳು. 10 ನಿಮಿಷ ಕೇಳಿದ ಮೇಲೆ ಆಕಾರಗಳನ್ನು ಊಹಿಸುವ ಪರೀಕ್ಷೆಯಲ್ಲಿ ಸ್ವಲ್ಪ ಮುಂದಿದ್ದರು, ಅದೂ ಕಾಲು ಗಂಟೆಯೊಳಗೆ ಇಳಿದುಹೋಯಿತು. ಉಳಿದದ್ದೆಲ್ಲ ಸಿ.ಡಿ. ಮಾರುವವರ ಉತ್ಸಾಹ.

ನಿಮ್ಮ ತೊಂದರೆ ಹಾಡಿನ ಸಾಹಿತ್ಯದಲ್ಲಿದೆ. ಬರೆಯುವ ಮಗು ಪದಗಳನ್ನು ಒಳಗೊಳಗೇ ಹೇಳಿಕೊಳ್ಳುತ್ತಿರುತ್ತದೆ. ಬಾಯಿಪಾಠ ಇರುವ ಹಾಡು ಬಂದರೆ ಆ ಮಾತೂ ಈ ಮಾತೂ ಕಲಸಿಹೋಗುತ್ತವೆ. ಅದರ ಮೇಲೆ, ಇವರು ನಲಿ-ಕಲಿ ಎಂಬ ಆಡಿ-ಹಾಡಿ ಕಲಿಯುವ ಪದ್ಧತಿಯಲ್ಲಿ ಅಭಿನಯ ಗೀತೆ ಹಾಡಿ ಬೆಳೆದವರು; ಹಾಡು ಕೇಳಿದರೆ ಬಾಯಿ ಸುಮ್ಮನಿದ್ದೀತೇ? ಒಬ್ಬಳು ಗುನುಗಿದರೆ ಇಡೀ ಸಾಲು ಗುನುಗುತ್ತದೆ. ಸದ್ದು ತಗ್ಗಿಸಿದರೂ ಅಷ್ಟೇ, ಮಾತು ತಿಳಿಯುವಷ್ಟು ಕೇಳಿದರೆ ಸಾಕು. ಓದು, ಬರಹ, ನಿಮ್ಮ ವಿವರಣೆ ನಡೆಯುವಾಗ ಸ್ಪೀಕರ್ ಬಂದ್ ಆಗಿರಲಿ.

ಪುಸ್ತಕ ಎತ್ತಿಟ್ಟು ಗುಂಪಾಗಿ ಕೂರುವ ಹೊತ್ತಿಗೆ ಮಾತ್ರ ಎರಡು ನಿಮಿಷದ ಕೊಳಲಿನ ತುಣುಕು ಹಾಕಿ, ದಿನವೂ ಅದನ್ನೇ. ಅದು ಮುಗಿಯುವಷ್ಟರಲ್ಲಿ ಕೂತಿರಬೇಕು ಎಂಬುದು ನಾಲ್ಕೈದು ದಿನದಲ್ಲಿ ರೂಢಿಯಾಗುತ್ತದೆ. ದಿನಕ್ಕೊಂದು ಬದಲಿಸಿದರೆ ಈ ರೂಢಿ ಬರುವುದಿಲ್ಲ. ಮೊದಲೇ ಡೌನ್‌ಲೋಡ್ ಮಾಡಿ, ಫೋನ್ ಏರೋಪ್ಲೇನ್ ಮೋಡ್‌ನಲ್ಲಿಟ್ಟು ಬ್ಲೂಟೂತ್ ಮಾತ್ರ ಆನ್ ಮಾಡಿ. ಇಲ್ಲದಿದ್ದರೆ ಕೊಳಲಿನ ನಡುವೆ ಸಾಲದ ಜಾಹೀರಾತು ಬರುತ್ತದೆ.

ಸ್ಪೀಕರೇ ಬೇಡದ ಸಂಗೀತ ಮಗ್ಗಿಯದು. ರಾಗವಾಗಿ ಹೇಳುವ ಮಕ್ಕಳಿಗೆ ಏಳಾರ್ಲಿ ಎಷ್ಟು ಎಂದು ಥಟ್ಟನೆ ಕೇಳಿದರೆ ಏಳೊಂದ್ಲಿಯಿಂದ ಶುರು ಮಾಡುತ್ತಾರೆ, ಏಕೆಂದರೆ ನೆನಪಿರುವುದು ಸಾಲು, ಲೆಕ್ಕವಲ್ಲ. ಇದಕ್ಕೆ ಆದಿತಾಳ ಚೆನ್ನಾಗಿ ಒದಗುತ್ತದೆ. ಎಂಟು ಎಣಿಕೆ: ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಆಮೇಲೆ ಪೆಟ್ಟು-ಹುಸಿ, ಪೆಟ್ಟು-ಹುಸಿ (ಹುಸಿ ಎಂದರೆ ಅಂಗೈ ಮೇಲ್ಮುಖ ಮಾಡುವುದು). ಮೊದಲ ನಾಲ್ಕರಲ್ಲಿ ನೀವು "ಏಳಾರ್ಲಿ" ಎನ್ನಿ. ಮುಂದಿನ ಪೆಟ್ಟು-ಹುಸಿಯಲ್ಲಿ ಎಲ್ಲರೂ ಮೌನ, ಕೈ ಮಾತ್ರ ನಡೆಯಲಿ. ಕೊನೆಯ ಪೆಟ್ಟಿಗೆ ಉತ್ತರ. ಪ್ರಶ್ನೆಗಳನ್ನು ಸಾಲುತಪ್ಪಿಸಿ ಕೇಳಿ: ಏಳಾರ್ಲಿ, ಏಳ್ಮೂರ್ಲಿ, ಏಳೊಂಬತ್ಲಿ. ಆ ಎರಡು ಎಣಿಕೆಯ ಮೌನದಲ್ಲೇ ಲೆಕ್ಕ ನಡೆಯುವುದು, ಅವಸರದಲ್ಲಿ ಅದನ್ನು ನುಂಗಬೇಡಿ. ಉತ್ತರ ತಡವಾದರೆ ತಾಳ ನಿಧಾನ ಮಾಡಿ. ನಾಲ್ಕೈದು ಚುರುಕಿನ ಮಕ್ಕಳ ದನಿಯಲ್ಲಿ ಉಳಿದವರು ಅಡಗಿ ಕೂರುವುದು ಸಾಮಾನ್ಯ. ಮೂರನೇ ಸುತ್ತಿನಿಂದ ಸಾಲಿಗೊಂದು ಪ್ರಶ್ನೆ ಹಂಚಿಬಿಡಿ.