ನಂಬುವುದಿಲ್ಲ, ಆದರೆ ಹೆದರುತ್ತೇನೆ

(ಗುರುತು ಸಿಗದಂತೆ ಊರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

“ನಾನು ನಂಬುವುದಿಲ್ಲ ಮೇಡಂ. ಆದರೆ ಹೆದರುತ್ತೇನೆ. ಎರಡೂ ಒಬ್ಬನಲ್ಲೇ ಇರಲು ಸಾಧ್ಯವೆ?”

ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಬಂದು ಕುಳಿತ ಐದು ನಿಮಿಷಕ್ಕೆ ಅವರು ಕೇಳಿದ್ದು ಇದನ್ನೇ. ನಲವತ್ತು ದಾಟಿದ ಪ್ರೌಢಶಾಲೆಯ ಗಣಿತ ಶಿಕ್ಷಕರು. ಇಲ್ಲಿ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತೇನೆ. ಊರಿನಲ್ಲಿ ಅವರಿಗೆ ವಿಚಾರವಾದಿ ಎಂಬ ಹೆಸರಿದೆ, ಅರ್ಧ ಗೌರವದಿಂದ, ಅರ್ಧ ಕುಹಕದಿಂದ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಮಕ್ಕಳಿಗೆ ಗ್ರಹಣದ ಕನ್ನಡಕ ಹಂಚಿ, ಮೈದಾನದಲ್ಲಿ ನಿಲ್ಲಿಸಿ, ಗ್ರಹಣ ಬಿಡುವ ಮೊದಲೇ ಎಲ್ಲರಿಗೂ ಮಂಡಕ್ಕಿ ತಿನ್ನಿಸಿದವರು.

ಅವರು ನನ್ನಲ್ಲಿಗೆ ಬರುವ ನಾಲ್ಕು ತಿಂಗಳ ಮೊದಲು ಅವರ ತಂದೆ ತೀರಿಕೊಂಡಿದ್ದರು. ಅಂದು ಶತಭಿಷಾ ನಕ್ಷತ್ರ. ಪುರೋಹಿತರು ಪಂಚಾಂಗ ತೆರೆದು, “ಧನಿಷ್ಠಾ ಪಂಚಕ. ಮನೆ ಬಿಡಬೇಕು” ಎಂದರು. ಇದು ಗೊತ್ತಿಲ್ಲದವರಿಗೆ ಹೇಳುವುದಾದರೆ: ಧನಿಷ್ಠೆಯ ಉತ್ತರಾರ್ಧದಿಂದ ರೇವತಿಯವರೆಗಿನ ನಕ್ಷತ್ರಗಳಲ್ಲಿ ಸಾವಾದರೆ ಆ ಮನೆಗೆ ಮತ್ತೆ ಕೇಡು ತಟ್ಟುತ್ತದೆ ಎಂಬುದು ನಂಬಿಕೆ. ಕೆಲವರು ಮೂರು ತಿಂಗಳು, ಕೆಲವರು ಆರು ತಿಂಗಳು ಮನೆಗೆ ಬೀಗ ಹಾಕಿ ಬೇರೆ ಕಡೆ ಇರುತ್ತಾರೆ. ಬಾಗಿಲಿಗೆ ಮುಳ್ಳು ಬಡಿಯುವವರೂ ಇದ್ದಾರೆ. ಇವರಿಗೆ ಹೇಳಿದ್ದು ಆರು ತಿಂಗಳು. ತಾಯಿ ಬೇಡಿಕೊಂಡರು, ಅತ್ತರು. ಮೇಷ್ಟ್ರು ಒಪ್ಪಲಿಲ್ಲ. ಮೂರನೆಯ ತಿಂಗಳಲ್ಲಿ, ತವರಿಗೆ ಬಂದಿದ್ದ ತಂಗಿಗೆ ಒಂಬತ್ತು ವಾರದ ಗರ್ಭ ಇಳಿದುಹೋಯಿತು. ತಾಯಿ ಒಂದು ಮಾತೂ ಆಡಲಿಲ್ಲ. “ಬೈದಿದ್ದರೆ ಚೆನ್ನಾಗಿತ್ತು” ಎಂದರು ಮೇಷ್ಟ್ರು.

ಮೊದಲ ಭೇಟಿಯಲ್ಲಿ ನಾನು ತಪ್ಪು ಮಾಡಿದೆ. ಅವರ ವಿಚಾರಶಕ್ತಿಗೆ ಬಲ ಕೊಟ್ಟರೆ ಭಯ ಇಳಿಯುತ್ತದೆ ಎಂದುಕೊಂಡು ಲೆಕ್ಕ ಹೇಳಲು ಹೊರಟೆ. 27 ನಕ್ಷತ್ರಗಳಲ್ಲಿ ಪಂಚಕಕ್ಕೆ ಸೇರಿದ್ದು ನಾಲ್ಕೂವರೆ, ಅಂದರೆ ಸುಮಾರು ಆರು ಸಾವುಗಳಲ್ಲಿ ಒಂದು ಪಂಚಕದಲ್ಲೇ ಆಗುತ್ತದೆ. ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ 10ರಿಂದ 20 ನಿಲ್ಲುವುದಿಲ್ಲ, ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ, ಬಹಳಷ್ಟು ಸಲ ಭ್ರೂಣದ ವರ್ಣತಂತುಗಳ ದೋಷದಿಂದ. ಅವರು ಸಹನೆಯಿಂದ ಕೇಳಿ, “ಇದನ್ನು ನಾನು ಹತ್ತನೆಯ ತರಗತಿಯಲ್ಲಿ ಸಂಭವನೀಯತೆಯ ಪಾಠದಲ್ಲೇ ಹೇಳುತ್ತೇನೆ ಮೇಡಂ. ಕಾಕತಾಳೀಯ ಎಂದರೆ ಏನು ಎಂದು ಬೋರ್ಡಿನ ಮೇಲೆ ಕಾಗೆಯ ಚಿತ್ರ ಬರೆದೇ ಹೇಳುತ್ತೇನೆ. ರಾತ್ರಿ ಮೂರು ಗಂಟೆಗೆ ಆ ಕಾಗೆ ಬರುವುದಿಲ್ಲ” ಎಂದರು.

ಹಾಗಾದರೆ ರಾತ್ರಿ ಮೂರು ಗಂಟೆಗೆ ಏನು ನಡೆಯುತ್ತದೆ? ಎರಡನೆಯ ಭೇಟಿಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಕೇಳಿದೆ. ಎಚ್ಚರವಾಗುತ್ತದೆ. ಗ್ಯಾಸ್ ಸಿಲಿಂಡರಿನ ಗುಂಡಿ ತಿರುಗಿಸಿ ನೋಡುತ್ತಾರೆ. ನಡುಮನೆಯಲ್ಲಿ ಮಲಗಿದ ತಾಯಿಯ ಸೆರಗು ಉಸಿರಿಗೆ ಏರಿಳಿಯುತ್ತಿದೆಯೇ ಎಂದು ಮೊಬೈಲಿನ ಬೆಳಕಿನಲ್ಲಿ ಗಮನಿಸುತ್ತಾರೆ. ಆಮೇಲೆ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕಕ್ಕೆ ಪೆನ್ಸಿಲಿನಿಂದ ಒಂದು ಚುಕ್ಕೆ. ಆರು ತಿಂಗಳಾಗಲು ಇನ್ನು 61 ದಿನ. ಆ ಚುಕ್ಕೆಯ ಸಂಗತಿಯನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಹೇಳುವಾಗ ಕಿವಿ ಕೆಂಪಾಗಿತ್ತು.

ಭಯದ ಸ್ವಭಾವವೇ ಹಾಗೆ. ಪರೀಕ್ಷಿಸಿದಾಗ ಸ್ವಲ್ಪ ನೆಮ್ಮದಿಯಾಗುತ್ತದೆ, ಆ ನೆಮ್ಮದಿಗಾಗಿ ಮರುದಿನ ಮತ್ತೆ ಪರೀಕ್ಷಿಸಬೇಕಾಗುತ್ತದೆ. ವಾದದಿಂದ ಅದು ಹೋಗುವುದಿಲ್ಲ, ಏಕೆಂದರೆ ಅದು ವಾದದಿಂದ ಬಂದದ್ದಲ್ಲ. ಎಂಟು ವರ್ಷದವರೆಗೆ ಅಜ್ಜಿಯ ಮಡಿಲಲ್ಲಿ ಕೇಳಿದ್ದನ್ನು ಬಿ.ಎಸ್ಸಿ. ಪದವಿ ಅಳಿಸಿಹಾಕಬೇಕೆಂದು ಏಕೆ ನಿರೀಕ್ಷಿಸಬೇಕು? ಅವರಿಗೆ ಹೇಳಿದ್ದು ಇಷ್ಟು: ಎಚ್ಚರವಾದರೆ ಆಗಲಿ, ಏಳಬೇಡಿ. ಗ್ಯಾಸನ್ನು ಮಲಗುವ ಮುಂಚೆ ಒಂದೇ ಸಲ ನೋಡಿ. ಚುಕ್ಕೆ ನಿಲ್ಲಿಸಿ. ಹೆದರಿಕೆ ಬಂದಾಗ ಅದರೊಂದಿಗೆ ಜಗಳಕ್ಕೆ ಇಳಿಯದೆ, ‘ಹೆದರಿಕೆ ಬಂದಿದೆ’ ಎಂದಷ್ಟೇ ಅಂದುಕೊಳ್ಳಿ. ತೀರಾ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ರಾತ್ರಿಯೂ ಎತ್ತುತ್ತಾರೆ. ಮೂರು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರಲ್ಲಿಗೆ ಕಳುಹಿಸುತ್ತೇನೆ ಎಂದೂ ಹೇಳಿದ್ದೆ. ಅದರ ಅಗತ್ಯ ಬೀಳಲಿಲ್ಲ.

ಆದರೆ ಅವರಿಗೆ ನಿದ್ದೆಗಿಂತ ಮಾನದ ಪ್ರಶ್ನೆ ದೊಡ್ಡದಾಗಿತ್ತು. ಶಾಲೆಯ ಮೇಜಿನ ಗಾಜಿನ ಅಡಿಯಲ್ಲಿ ಎಚ್. ನರಸಿಂಹಯ್ಯನವರ ಚಿತ್ರ ಇಟ್ಟುಕೊಂಡವರು ಅವರು. “ಅವರ ಮುಖ ನೋಡಲು ನಾಚಿಕೆಯಾಗುತ್ತದೆ” ಎಂದರು. ನಾನು ಕೇಳಿದೆ: ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಅವರು ರಚಿಸಿದ ಸಮಿತಿ ಯಾವುದಕ್ಕೆ? ಪವಾಡಗಳನ್ನು ಪರೀಕ್ಷಿಸುವುದಕ್ಕೆ. ಪರೀಕ್ಷಿಸುವವನಿಗೆ ಹೆದರಿಕೆ ಇರಕೂಡದು ಎಂಬ ನಿಯಮ ಅದರಲ್ಲಿ ಇತ್ತೆ? ಮೇಷ್ಟ್ರು ಮೊದಲ ಬಾರಿಗೆ ನಕ್ಕರು.

ಸಂಶಯದ ಗುಣ ಅವರಿಗೆ ಬಂದದ್ದು ಪುಸ್ತಕದಿಂದಲ್ಲ, ತಂದೆಯಿಂದ. 1995ರ ಸೆಪ್ಟೆಂಬರ್ 21ರಂದು, ಗಣೇಶನ ವಿಗ್ರಹ ಹಾಲು ಕುಡಿಯುತ್ತದೆಂದು ದೇಶವೆಲ್ಲ ಚಮಚ ಹಿಡಿದು ಸಾಲು ನಿಂತ ದಿನ, ಹನ್ನೊಂದು ವರ್ಷದ ಮಗನನ್ನು ಕರೆದುಕೊಂಡು ತಂದೆಯೂ ಹೋಗಿದ್ದರು. ದರ್ಜಿ ಕೆಲಸದವರು. ಚಮಚ ಸೊಂಡಿಲಿಗೆ ತಾಗುತ್ತಲೇ ಹಾಲು ಇಳಿಯಿತು. ಮಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾಗ, ತಂದೆ ಅವನ ಬೆರಳನ್ನು ಹಿಡಿದು ವಿಗ್ರಹದ ಹೊಟ್ಟೆಯ ಕೆಳಗೆ ಮುಟ್ಟಿಸಿದರು. ಒದ್ದೆ. ಹಾಲು ತೆಳ್ಳಗೆ ಕಲ್ಲಿಗಂಟಿ ಜಾರುತ್ತಿತ್ತು. ಮೇಲ್ಮೈ ಎಳೆತದ ಪಾಠವನ್ನು ಅವರು ಓದಿದ್ದು ಎಷ್ಟೋ ವರ್ಷದ ನಂತರ. ತಂದೆ ಅಂದು ಯಾರೊಂದಿಗೂ ಆ ಮಾತೆತ್ತದೆ ಕೈ ಮುಗಿದು, ತೀರ್ಥ ತೆಗೆದುಕೊಂಡು ಬಂದರಂತೆ. ಮೇಷ್ಟ್ರಿಗೆ ಬೆರಳು ನೆನಪಿತ್ತು, ಕೈ ಮುಗಿದದ್ದು ಮರೆತೇಹೋಗಿತ್ತು. ನಾನು “ಆಮೇಲೆ ಏನು ಮಾಡಿದರು?” ಎಂದು ಕೇಳಿದ್ದಕ್ಕೆ ಹೊರಬಂತು.

ಮನೆ ಬಿಡದೆ ಇದ್ದದ್ದು ತಂದೆಗೆ ಸಲ್ಲಿಸುವ ನಿಷ್ಠೆ ಎಂಬುದು ಅವರಿಗೆ ಅರಿವಾದದ್ದು ಆಗ. ಹಾಗಾಗಿ ತಾಯಿಯನ್ನೂ ಒಮ್ಮೆ ಕರೆತರಲು ಹೇಳಿದೆ. ಆಕೆ ಬಂದು, ಚಪ್ಪಲಿ ಬಾಗಿಲಾಚೆ ಬಿಟ್ಟು, ನಾನು ಕೇಳುವ ಮೊದಲೇ ಶುರುಮಾಡಿದರು. “ಇವನ ಅಪ್ಪ ಮನೆ ಬಿಟ್ಟಿರಲಿಲ್ಲವೆ? ಅಜ್ಜಿ ಹೋದಾಗ ಮೂರು ತಿಂಗಳು ಬಾಡಿಗೆ ಮನೆಯಲ್ಲಿ ಇದ್ದೆವು.”

“ಅದು ಹೆಂಚು ಬದಲಾಯಿಸಲು, ಅಮ್ಮ.”

“ನಿನಗೆ ಹಾಗೆ ಹೇಳಿದರು. ದೊಡ್ಡಪ್ಪನ ಮಾತು ಮೀರಲಾಗದೆ ಬಿಟ್ಟದ್ದು. ಮಗನಿಗೆ ಸುಳ್ಳು ಹೇಳಬಾರದೆಂದು ಹೆಂಚೂ ಬದಲಾಯಿಸಿದರು.”

ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ.

ಆಮೇಲೆ ನಾನು ತಾಯಿಯನ್ನು ಕೇಳಿದ್ದು ಒಂದೇ: ಮಗ ಇದನ್ನೆಲ್ಲ ನಂಬಬೇಕು ಎಂದು ನಿಮ್ಮ ಆಸೆಯೆ? “ಅವನು ನಂಬಿದರೆಷ್ಟು, ಬಿಟ್ಟರೆಷ್ಟು. ನನಗೆ ಆ ಮಂಚದ ಪಕ್ಕದಲ್ಲಿ ಓಡಾಡಲು ಆಗುವುದಿಲ್ಲ.” ಪ್ರತಿಯೊಂದು ಶಾಸ್ತ್ರದ ಹಿಂದೆ ಮನೋವಿಜ್ಞಾನದ ಒಂದು ಗುಟ್ಟು ಹುಡುಕುವ ಚಾಳಿ ನನಗೆ ಹಿಡಿಸುವುದಿಲ್ಲ. ಆಕೆ ಪಂಚಕವನ್ನು ನಿಜವಾಗಿಯೂ ನಂಬುತ್ತಾರೆ, ಅದನ್ನು ಬೇರೆ ಏನೋ ಎಂದು ತಿದ್ದುವುದು ಅವಮರ್ಯಾದೆ. ಆದರೆ ನಂಬಿಕೆಯ ಜೊತೆಗೇ ಒಂದು ಬೇಡಿಕೆಯೂ ಇತ್ತು, ಮಗ ನಂಬಿಕೆಯನ್ನು ತಳ್ಳುವ ಭರದಲ್ಲಿ ಬೇಡಿಕೆಯನ್ನೂ ತಳ್ಳಿದ್ದರು. ಮೇಷ್ಟ್ರಿಗೆ ಕೊಟ್ಟ ಸಲಹೆಯ ಮುಖ್ಯ ಭಾಗ ಇದೇ. ‘ನಕ್ಷತ್ರದಿಂದ ಕೇಡಾಗುತ್ತದೆಯೆ?’ ಎಂಬುದಕ್ಕೆ ಪುರಾವೆ ಕೇಳಿ, ಸಿಗದಿದ್ದರೆ ಒಪ್ಪಬೇಡಿ, ಯಾರು ಅತ್ತರೂ ಒಪ್ಪಬೇಡಿ. ‘ನನ್ನನ್ನು ಈ ಮನೆಯಿಂದ ಸ್ವಲ್ಪ ದಿನ ಹೊರಗೆ ಕರೆದುಕೊಂಡು ಹೋಗುತ್ತೀಯಾ?’ ಎಂಬುದಕ್ಕೆ ಪುರಾವೆ ಏಕೆ ಬೇಕು?

ತಂಗಿಯೊಂದಿಗೆ ನೇರವಾಗಿ ಮಾತಾಡಲು ಹೇಳಿದೆ. ಆಕೆ ಅಣ್ಣನನ್ನು ದೂರಿಯೇ ಇರಲಿಲ್ಲ. ಮೆಟ್ಟಿಲು ಹತ್ತಿದ್ದೇ ತಪ್ಪಾಯಿತೆಂದು ತನ್ನನ್ನೇ ದೂರಿಕೊಳ್ಳುತ್ತಿದ್ದಳು. ಅಣ್ಣನೇ ಅವಳನ್ನು ವೈದ್ಯರಲ್ಲಿಗೆ ಮತ್ತೆ ಕರೆದುಕೊಂಡು ಹೋಗಿ, ಮೆಟ್ಟಿಲಿನಿಂದ ಗರ್ಭ ಇಳಿಯುವುದಿಲ್ಲ ಎಂಬುದನ್ನು ಅವರ ಬಾಯಿಂದಲೇ ಕೇಳಿಸಿದರು.

ಮನೆಗೆಲಸವೊಂದನ್ನೂ ಕೊಟ್ಟಿದ್ದೆ: ಮೂರು ತಲೆಮಾರಿನ ಸಾವುಗಳು, ಅವುಗಳ ನಕ್ಷತ್ರ, ನಂತರದ ಆರು ತಿಂಗಳಲ್ಲಿ ಮನೆಯಲ್ಲಿ ಆದದ್ದೆಲ್ಲ, ಕೆಟ್ಟದ್ದೂ ಒಳ್ಳೆಯದೂ. ಹಳೆಯ ಪಂಚಾಂಗಗಳನ್ನು ತಡಕಿ 14 ಸಾವು ಬರೆದರು. ಪಂಚಕದವು ಮೂರು. ಪಂಚಕಕ್ಕೆ ಸೇರದ ನಕ್ಷತ್ರದಲ್ಲಿ ತೀರಿಕೊಂಡ ದೊಡ್ಡಪ್ಪನ ನಂತರದ ಆರು ತಿಂಗಳಲ್ಲಿ ಇನ್ನೂ ಎರಡು ಸಾವಾಗಿದ್ದವು, ಅದನ್ನು ಯಾರೂ ಎಣಿಸಿರಲಿಲ್ಲ. 14ರಿಂದ ಏನೂ ಸಾಬೀತಾಗುವುದಿಲ್ಲ ಎಂದು ಅವರೇ ಹೇಳಿದರು. ಮನೆಯವರು ಯಾವುದನ್ನು ನೆನಪಿಟ್ಟುಕೊಂಡಿದ್ದಾರೆ ಎಂಬುದಷ್ಟೇ ಗೊತ್ತಾಗುತ್ತದೆ. ಈ ಪಟ್ಟಿ ನಿಮಗೆ ಮಾತ್ರ, ತಾಯಿಗೆ ತೋರಿಸಬೇಡಿ ಎಂದಿದ್ದೆ. ತೋರಿಸಿದರು, ಮೇಷ್ಟ್ರಲ್ಲವೆ. ತಾಯಿ ಕನ್ನಡಕ ಏರಿಸಿ ಪೂರ್ತಿ ಓದಿ, “ದೊಡ್ಡಪ್ಪನಿಗೂ ಏನೋ ದೋಷ ಇದ್ದಿರಬೇಕು. ಆಗ ನಾವು ಸರಿಯಾಗಿ ಕೇಳಲಿಲ್ಲ” ಎಂದರಂತೆ.

ಉಳಿದ ದಿನಗಳಿಗೆ ತಾಯಿಯನ್ನು ತಂಗಿಯ ಮನೆಗೆ ಕಳುಹಿಸಿದರು. ತಾವು, ಹೆಂಡತಿ, ಮಗಳು ಇದ್ದ ಮನೆಯಲ್ಲೇ ಇದ್ದರು. ಶಾಂತಿ ಮಾಡಿಸಲಿಲ್ಲ. ಒಂದು ರಾತ್ರಿ ತಂದೆಯ ಮಂಚದಲ್ಲೇ ಮಲಗಿದರು, ಹೆದರಿಕೆಯಾಯಿತು, ನಿದ್ದೆಯೂ ಬಂತು.

ಕೊನೆಯ ಭೇಟಿಗೆ ಬಂದಾಗ ಅವರ ಉಗುರಿನ ಸಂದಿಯಲ್ಲಿ ಸುಣ್ಣವಿತ್ತು. ತಾಯಿ ಬರುವ ಮೊದಲು ನಡುಮನೆಗೆ ತಾವೇ ಬಳಿಯುತ್ತಿದ್ದರಂತೆ.

“ಗೋಡೆಗೆ ಸುಣ್ಣ ಬೇಕಾಗಿತ್ತೆ?” ಎಂದೆ.

“ಬೇಕಾಗಿತ್ತು ಮೇಡಂ. ಬಳಿದು ಆರು ವರ್ಷವಾಗಿತ್ತು.”