ಮೈಸೂರಿನ ಎಂ.ಎಸ್ಸಿ.ಗೆ ಟೆಕ್ಸಸ್ ಲೈಸೆನ್ಸ್ ಸಿಗುತ್ತದೆಯೇ?

ಪ್ರಶ್ನೆ: ಮೈಸೂರಿನಲ್ಲಿ ಆಹಾರ ಮತ್ತು ಪೋಷಣೆ ವಿಷಯದಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಡಯಟೀಶಿಯನ್ ಆಗಿದ್ದೆ. ಮದುವೆಯಾಗಿ ಈಗ ಡಲ್ಲಾಸ್ ಹತ್ತಿರ ಇದ್ದೇನೆ, ಗಂಡನ ಕೆಲಸದ ವೀಸಾದ ಮೇಲೆ ಸಿಗುವ ಎಚ್-4 ವೀಸಾ. ಟೆಕ್ಸಸ್ ಲೈಸೆನ್ಸ್‌ಗೆ ನೇರವಾಗಿ ಅರ್ಜಿ ಹಾಕಬಹುದೇ ಮೇಡಂ? ಅಲ್ಲಿಯವರೆಗೆ ಪರಿಚಯದ ಕನ್ನಡದವರಿಗೆ ಆನ್‌ಲೈನ್‌ನಲ್ಲಿ ಡಯಟ್ ಪ್ಲಾನ್ ಮಾಡಿಕೊಟ್ಟರೆ ತಪ್ಪೇ?

ಉತ್ತರ: ನೇರವಾಗಿ ಆಗುವುದಿಲ್ಲ. ಟೆಕ್ಸಸ್‌ನಲ್ಲಿ ಲೈಸೆನ್ಸ್ ಕೊಡುವುದು ಟಿಡಿಎಲ್ಆರ್ ಎಂಬ ರಾಜ್ಯ ಇಲಾಖೆ. ಆದರೆ ನಿಜವಾದ ಬಾಗಿಲು ಇರುವುದು ಸಿಡಿಆರ್ ಎಂಬ ರಾಷ್ಟ್ರಮಟ್ಟದ ಸಂಸ್ಥೆಯಲ್ಲಿ. ಅದರ ನೋಂದಾಯಿತ ಡಯಟೀಶಿಯನ್ ಪರೀಕ್ಷೆ ಪಾಸಾದವರಿಗೆ ರಾಜ್ಯದ ಕೆಲಸ ಬಹುಮಟ್ಟಿಗೆ ಅರ್ಜಿ, ಶುಲ್ಕ ಮತ್ತು ಟೆಕ್ಸಸ್ ಕಾನೂನಿನ ಮೇಲಿನ ಒಂದು ಸಣ್ಣ ಪರೀಕ್ಷೆಗೆ ಮುಗಿಯುತ್ತದೆ. ಭಾರತದ ಆರ್‌ಡಿ (ನೋಂದಾಯಿತ ಡಯಟೀಶಿಯನ್) ಇದ್ದರೂ ಇಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ.

2024ರ ಜನವರಿಯಿಂದ ಸಿಡಿಆರ್ ಪರೀಕ್ಷೆಗೆ ಸ್ನಾತಕೋತ್ತರ ಪದವಿ ಕಡ್ಡಾಯ. ನಿಮ್ಮ ಎಂ.ಎಸ್ಸಿ. ಇಲ್ಲಿ ಉಪಯೋಗಕ್ಕೆ ಬರಬಹುದು, ಆದರೆ ಅದು ಅಮೆರಿಕದ ಪದವಿಗೆ ಸಮ ಎಂದು ಮಾನ್ಯ ಮೌಲ್ಯಮಾಪನ ಸಂಸ್ಥೆಯ ವರದಿ ಬೇಕು. ಆ ವರದಿ ಹಿಡಿದು ಮಾನ್ಯತೆ ಪಡೆದ ಡಯಟೆಟಿಕ್ಸ್ ಕೋರ್ಸ್ ಇರುವ ವಿಶ್ವವಿದ್ಯಾಲಯದ ನಿರ್ದೇಶಕರನ್ನು ಕಾಣಿ. ಯಾವ ವಿಷಯಗಳು ಕಡಿಮೆ ಬಿದ್ದಿವೆ ಎಂದು ಹೇಳುವವರು ಅವರೇ. ಅವನ್ನು ಓದಿ ಮುಗಿಸಿದ ಮೇಲೆ ಕನಿಷ್ಠ 1,000 ಗಂಟೆಗಳ ಇಂಟರ್ನ್‌ಶಿಪ್. ಸಾಮಾನ್ಯವಾಗಿ ಇದಕ್ಕೆ ಸಂಬಳವಿಲ್ಲ, ಮೇಲಾಗಿ ನಾವೇ ಫೀಸು ಕಟ್ಟಬೇಕು. ಬೆಂಗಳೂರಿನ ಆಸ್ಪತ್ರೆಯ ಅನುಭವಕ್ಕೆ ಇಷ್ಟಾದರೂ ರಿಯಾಯಿತಿ ಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ, ನಿಯಮ ಹಾಗಿಲ್ಲ.

ಸಿಡಿಆರ್ ಪರೀಕ್ಷೆಯಲ್ಲಿ 125ರಿಂದ 145 ಪ್ರಶ್ನೆ. ರೋಗಿಯ ಆಹಾರದ ಭಾಗ ನಿಮಗೆ ಸುಲಭ. ನಮ್ಮವರು ತಡವರಿಸುವುದು ದೊಡ್ಡ ಅಡುಗೆಮನೆಯ ಆಡಳಿತದಲ್ಲಿ: ಖರೀದಿ, ಸಿಬ್ಬಂದಿ, ಬಜೆಟ್, ಫ್ಯಾರನ್‌ಹೀಟ್‌ನಲ್ಲಿ ಆಹಾರ ಸುರಕ್ಷತೆಯ ಉಷ್ಣಾಂಶ.

ಕಾಗದಪತ್ರದ ಕೆಲಸವನ್ನು ಮಾತ್ರ ಇವತ್ತೇ ಶುರುಮಾಡಿ. ಅಂಕಪಟ್ಟಿಯ ನಕಲು ನೀವು ಕಳಿಸಿದರೆ ಸಾಲದು, ವಿಶ್ವವಿದ್ಯಾಲಯವೇ ಮುಚ್ಚಿದ ಲಕೋಟೆಯಲ್ಲೋ ಆನ್‌ಲೈನ್‌ನಲ್ಲೋ ಕಳಿಸಬೇಕಾಗುತ್ತದೆ. ನೀವು ಓದಿದ ವರ್ಷಗಳ ಸಿಲೆಬಸ್ ಪ್ರತಿಯನ್ನೂ ತರಿಸಿಕೊಳ್ಳಿ. ಇನ್ನೊಂದು, ನಮ್ಮವರಿಗೇ ಕಾಡುವ ತಲೆನೋವು ಹೆಸರಿನದು. ಅಂಕಪಟ್ಟಿಯಲ್ಲಿ ಊರು-ತಂದೆಯ ಹೆಸರಿನ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವು ಬಿಡಿಸಿ ಬರೆದಿರುತ್ತವೆ, ಮದುವೆಯ ನಂತರ ಕೊನೆಗೆ ಗಂಡನ ಹೆಸರು. ಮೂರೂ ಒಬ್ಬರೇ ಎಂದು ತೋರಿಸಲು ಮದುವೆ ಪ್ರಮಾಣಪತ್ರ ಮತ್ತು ಅಫಿಡವಿಟ್ ಸಿದ್ಧವಿರಲಿ.

ಇನ್ನು ಡಯಟ್ ಪ್ಲಾನ್ ವಿಷಯ. ಹಣ ತೆಗೆದುಕೊಳ್ಳುವುದಾದರೆ ಮೊದಲು ವೀಸಾ ಪ್ರಶ್ನೆ: ಇಎಡಿ (ಕೆಲಸದ ಅನುಮತಿ ಪತ್ರ) ಇಲ್ಲದ ಎಚ್-4ನಲ್ಲಿ ದುಡಿಯುವಂತಿಲ್ಲ, ಲೈಸೆನ್ಸ್ ಬಂದರೂ ಅದು ಕೆಲಸದ ಪರವಾನಗಿಯಾಗದು. ಟೆಕ್ಸಸ್ ಕಾನೂನು ಮುಖ್ಯವಾಗಿ ಕಾಯುವುದು ಬಿರುದನ್ನು. ಹಾಗಾಗಿ ‘ಲೈಸೆನ್ಸ್ಡ್ ಡಯಟೀಶಿಯನ್’, ‘ರಿಜಿಸ್ಟರ್ಡ್ ಡಯಟೀಶಿಯನ್’ ಎಂದು ಎಲ್ಲೂ ಹಾಕಿಕೊಳ್ಳಬೇಡಿ, ವಾಟ್ಸಾಪ್ ಪ್ರೊಫೈಲ್‌ನಲ್ಲೂ. ಆದರೆ ಆನ್‌ಲೈನ್‌ನಲ್ಲಿ ಸಲಹೆ ಪಡೆಯುವವರು ಯಾವ ರಾಜ್ಯದಲ್ಲಿ ಕೂತಿದ್ದಾರೋ ಅಲ್ಲಿನ ಕಾನೂನೂ ಲೆಕ್ಕಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಲೈಸೆನ್ಸೇ ಇಲ್ಲ. ಅಲ್ಲಿ ಹೆಲ್ತ್ ಕೋಚ್ ಆಗಿದ್ದ ಮಹಿಳೆಯೊಬ್ಬರು ಫ್ಲಾರಿಡಾಕ್ಕೆ ಬಂದು ಅದೇ ಕೆಲಸ ಮುಂದುವರಿಸಿದ್ದಕ್ಕೆ ದಂಡ ತೆತ್ತರು, ಕೋರ್ಟಿಗೆ ಹೋಗಿ 2022ರಲ್ಲಿ ಮೇಲ್ಮನವಿಯಲ್ಲೂ ಸೋತರು. 2020ರಲ್ಲಿ ಫ್ಲಾರಿಡಾದ ಕಾನೂನು ಸ್ವಲ್ಪ ಸಡಿಲಗೊಂಡಿತಾದರೂ, ವೈದ್ಯರ ಚಿಕಿತ್ಸೆಯಲ್ಲಿರುವವರಿಗೆ ಲೈಸೆನ್ಸ್ ಇಲ್ಲದೆ ಪಥ್ಯ ಹೇಳುವಂತಿಲ್ಲ. ಶುಗರ್ ಇರುವ ಅತ್ತೆಯವರಿಗೆ ಮುದ್ದೆಯ ಗಾತ್ರ ಹೇಳುವುದು ಬೇರೆ, ಶುಲ್ಕ ಪಡೆದು ಕಿಡ್ನಿ ರೋಗಿಗೆ ಪಟ್ಟಿ ಬರೆದುಕೊಡುವುದು ಬೇರೆ.

ನಿಮ್ಮವರ ಕೆಲಸ ಬೇರೆ ರಾಜ್ಯಕ್ಕೆ ಬದಲಾಗುವ ಸಾಧ್ಯತೆ ಇದ್ದರೆ ಹೆದರಬೇಡಿ. ಸಿಡಿಆರ್ ನೋಂದಣಿ ನಿಮ್ಮ ಜೊತೆಗೇ ಬರುತ್ತದೆ. ಐದು ವರ್ಷಕ್ಕೆ 75 ಯೂನಿಟ್ ಮುಂದುವರಿದ ಕಲಿಕೆ ತೋರಿಸಿ ಅದನ್ನು ಉಳಿಸಿಕೊಳ್ಳಬೇಕು, ಲೈಸೆನ್ಸ್ ಕೇಳುವ ಹೊಸ ರಾಜ್ಯದಲ್ಲಿ ಮತ್ತೆ ಅರ್ಜಿ ಹಾಕಬೇಕು.